ಹಸಿರು ಹಾಳೆಯ ಹಿಂದಿನ ಲೆಕ್ಕ: ಲ್ಯಾಮಿನೇಟ್ ಉದ್ಯಮ ಮತ್ತು ಹಾವೇರಿಯ ನಾಲ್ಕು ತಾಲ್ಲೂಕುಗಳು

ಹಾವೇರಿ: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಪಟ್ಟಣಗಳಲ್ಲಿ ಮೊಬೈಲ್ ದುರಸ್ತಿ ಅಂಗಡಿಗಳಿಗೆ ಇಂದು ಕೊರತೆಯಿಲ್ಲ. ಕೆಟ್ಟುಹೋದ ಫೋನ್, ಟಿವಿ ರಿಮೋಟ್, ಕೊಳವೆಬಾವಿಯ ಸ್ಟಾರ್ಟರ್ ಇವುಗಳಲ್ಲಿ ಯಾವುದನ್ನೇ ಬಿಚ್ಚಿದರೂ ಒಳಗೆ ಕಾಣುವುದು ಅದೇ ಹಸಿರು ಬಣ್ಣದ ಗಟ್ಟಿ ಹಾಳೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಬೋರ್ಡ್’. ತಾಂತ್ರಿಕ ಪರಿಭಾಷೆಯಲ್ಲಿ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್, ಅಂದರೆ ಪಿಸಿಬಿ. ಅದರ ಮೇಲೆ ಕೂರುವ ಚಿಪ್‌ಗಳ ಬಗ್ಗೆ ದೇಶದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಚಿಪ್‌ಗಳನ್ನು ಹೊತ್ತು ನಿಂತಿರುವ ಆ ಹಾಳೆ ಎಲ್ಲಿಂದ ಬಂತು, ಯಾವುದರಿಂದ ತಯಾರಾಯಿತು ಎಂಬ ಪ್ರಶ್ನೆ ಇತ್ತೀಚಿನವರೆಗೂ ಯಾರ ಗಮನಕ್ಕೂ ಬಂದಿರಲಿಲ್ಲ.

ಈಗ ಆ ಪ್ರಶ್ನೆ ಸರ್ಕಾರಿ ಕಡತಗಳಿಗೂ ಉದ್ಯಮಿಗಳ ಲೆಕ್ಕಪತ್ರಗಳಿಗೂ ಪ್ರವೇಶ ಪಡೆದಿದೆ. ಇಂಥ ಉದ್ಯಮ ಬೆಂಗಳೂರಿನ ಆಚೆಗೆ, ಉತ್ತರ ಕರ್ನಾಟಕದ ಕಡೆಗೆ ಬರಬೇಕೆಂಬ ಬೇಡಿಕೆಯೂ ಇದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಬೇಡುವ ಮುನ್ನ, ಬೇಡುತ್ತಿರುವುದು ಏನನ್ನು ಎಂಬುದು ತಿಳಿದಿರಬೇಕು. ಲ್ಯಾಮಿನೇಟ್ ಕಾರ್ಖಾನೆ ಹೆಸರಿಗೆ ಎಲೆಕ್ಟ್ರಾನಿಕ್ಸ್ ಉದ್ಯಮ; ಸ್ವಭಾವದಲ್ಲಿ ಅದು ಜವಳಿ ಗಿರಣಿ ಮತ್ತು ರಾಸಾಯನಿಕ ಕಾರ್ಖಾನೆಗಳ ಸಂಗಮ.

ಬಟ್ಟೆ ತಂದು ಹೊಲಿಯುವ ದರ್ಜಿ

ಕೇಂದ್ರ ಸಚಿವ ಸಂಪುಟ 2025ರ ಮಾರ್ಚ್ 28ರಂದು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಉತ್ಪಾದನಾ ಯೋಜನೆಗೆ ಒಪ್ಪಿಗೆ ನೀಡಿತು. 22,919 ಕೋಟಿ ರೂಪಾಯಿ ಮೊತ್ತದ ಈ ಯೋಜನೆಯಿಂದ 59,350 ಕೋಟಿ ರೂಪಾಯಿ ಹೂಡಿಕೆ ಹರಿದುಬರುವ, 91,600 ಮಂದಿಗೆ ನೇರ ಉದ್ಯೋಗ ದೊರೆಯುವ ಅಂದಾಜು ಮಾಡಲಾಗಿತ್ತು. 2026ರ ಫೆಬ್ರವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ ಯೋಜನೆಯ ಮೊತ್ತವನ್ನು 40,000 ಕೋಟಿ ರೂಪಾಯಿಗೆ ಹೆಚ್ಚಿಸುವ ಪ್ರಸ್ತಾವ ಬಂದಿತು.

ಯೋಜನೆಯಡಿ ಮೊದಲ ಸುತ್ತಿನ 7 ಪ್ರಸ್ತಾವಗಳಿಗೆ 2025ರ ಅಕ್ಟೋಬರ್ 27ರಂದು ಅನುಮೋದನೆ ದೊರೆಯಿತು. ಒಟ್ಟು ಹೂಡಿಕೆ 5,532 ಕೋಟಿ ರೂಪಾಯಿ. ಇವುಗಳ ಪೈಕಿ ತಾಮ್ರ ಹೊದಿಸಿದ ಲ್ಯಾಮಿನೇಟ್ ಘಟಕವೂ ಒಂದು. ದೇಶದ ಲ್ಯಾಮಿನೇಟ್ ಬೇಡಿಕೆ ಇನ್ನು ಸಂಪೂರ್ಣವಾಗಿ ದೇಶದಲ್ಲಿಯೇ ಪೂರೈಕೆಯಾಗಲಿದೆ, ಉತ್ಪಾದನೆಯ ಶೇ 60ರಷ್ಟು ರಫ್ತಾಗಲಿದೆ ಎಂದು ಕೇಂದ್ರ ಸರ್ಕಾರ ಆಗ ತಿಳಿಸಿತು.

ಇಲ್ಲಿ ಕರ್ನಾಟಕದ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲ ಸುತ್ತಿನ 7 ಯೋಜನೆಗಳಲ್ಲಿ 4 ಪಾಲಾದದ್ದು 1988ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕೇನ್ಸ್ ಸಮೂಹಕ್ಕೆ. ಲ್ಯಾಮಿನೇಟ್ ಘಟಕವೂ ಅದರದ್ದೇ. ಆದರೆ 7ರಲ್ಲಿ 5 ಯೋಜನೆಗಳು ತಮಿಳುನಾಡಿಗೆ, ಆಂಧ್ರಪ್ರದೇಶ ಮತ್ತು ಮಧ್ಯಪ್ರದೇಶಕ್ಕೆ ತಲಾ ಒಂದು ಹೋದವು. ಕರ್ನಾಟಕದ ನೆಲಕ್ಕೆ ಆ ಸುತ್ತಿನಲ್ಲಿ ಒಂದೂ ಬರಲಿಲ್ಲ. ಅದೇ ವರ್ಷ ವಿಪ್ರೊ ಸಮೂಹದ ಎಂಜಿನಿಯರಿಂಗ್ ವಿಭಾಗವು ಪಿಸಿಬಿಯ ಮೂಲವಸ್ತು ತಯಾರಿಸಲು ಕರ್ನಾಟಕದಲ್ಲಿ ಸುಮಾರು 500 ಕೋಟಿ ರೂಪಾಯಿ ಹೂಡುವುದಾಗಿ ಪ್ರಕಟಿಸಿದ್ದು ಸಮಾಧಾನದ ಸಂಗತಿ.

ಈವರೆಗಿನ ಪರಿಸ್ಥಿತಿಯನ್ನು ಹೋಲಿಕೆಯೊಂದರಿಂದ ವಿವರಿಸಬಹುದು. ದರ್ಜಿಯೊಬ್ಬ ಅಂಗಿ ಹೊಲಿದು ‘ನಮ್ಮ ಊರಿನ ಅಂಗಿ’ ಎಂದು ಹೆಮ್ಮೆಯಿಂದ ಮಾರುತ್ತಾನೆ. ಆದರೆ ಬಟ್ಟೆ, ನೂಲು, ಗುಂಡಿ ಎಲ್ಲವೂ ಪರವೂರಿನವು. ದೇಶದ ಮೊಬೈಲ್ ಜೋಡಣೆ ಉದ್ಯಮ ಬೆಳೆದುಬಂದದ್ದು ಹೀಗೆಯೇ. ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ ಬರುವ 6 ಪದರಗಳವರೆಗಿನ ಪಿಸಿಬಿಗಳ ಮೇಲೆ 2024ರ ಮಾರ್ಚ್‌ನಲ್ಲಿ ಸುರಿ-ವಿರೋಧಿ ಸುಂಕ ಹೇರಲಾಯಿತು. ಇದರಿಂದ ದೇಶೀಯ ಬೋರ್ಡ್ ತಯಾರಕರಿಗೆ ಉಸಿರಾಡಲು ಅವಕಾಶ ದೊರೆತದ್ದು ನಿಜ. ಆದರೆ ಬೋರ್ಡ್ ಇಲ್ಲಿ ತಯಾರಾಗಿ ಅದರ ಲ್ಯಾಮಿನೇಟ್ ಹೊರಗಿನಿಂದಲೇ ಬರುವುದಾದರೆ, ಅವಲಂಬನೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆಯೇ ಹೊರತು ಕೊನೆಯಾಗುವುದಿಲ್ಲ.

ಗಾಜಿನ ನೂಲು, ಗಾಜಿನ ಬಟ್ಟೆ

ಪಿಸಿಬಿಯ ಹಸಿರು ಬಣ್ಣ ಅದರ ಮೇಲಿನ ರಕ್ಷಾ ಲೇಪನದ್ದು. ಲೇಪನ ಮತ್ತು ತಾಮ್ರವನ್ನು ತೆಗೆದರೆ ಉಳಿಯುವುದು ತಿಳಿ ಹಳದಿ ಬಣ್ಣದ, ಅರೆಪಾರದರ್ಶಕ ಹಲಗೆ. ಬೆಳಕಿಗೆ ಹಿಡಿದರೆ ಅದರೊಳಗೆ ಬಟ್ಟೆಯ ಹಾಸು-ಹೊಕ್ಕು ಎಳೆಗಳು ಕಾಣುತ್ತವೆ. ಅದು ಗಾಜಿನ ಬಟ್ಟೆ.

ಸಿಲಿಕಾ ಮರಳು, ಸುಣ್ಣಕಲ್ಲು, ಅಲ್ಯೂಮಿನಾ, ಬೋರಾನ್ ಸಂಯುಕ್ತಗಳನ್ನು ಕುಲುಮೆಯಲ್ಲಿ ಕರಗಿಸಲಾಗುತ್ತದೆ. ಕರಗಿದ ಗಾಜು ಪ್ಲಾಟಿನಂ-ರೋಡಿಯಂ ಮಿಶ್ರಲೋಹದ ತಟ್ಟೆಯ ನೂರಾರು ಸೂಕ್ಷ್ಮ ರಂಧ್ರಗಳ ಮೂಲಕ ಇಳಿಯುತ್ತದೆ. ಶ್ಯಾವಿಗೆ ಒತ್ತಿದಂತೆ ಇಳಿಯುವ ಎಳೆಯನ್ನು ಅತಿವೇಗವಾಗಿ ಎಳೆದಾಗ ಅದು ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಾಗುತ್ತದೆ. ಎಲೆಕ್ಟ್ರಾನಿಕ್ಸ್‌ಗೆ ಬಳಸುವ ಎಳೆಯ ವ್ಯಾಸ ಸಾಮಾನ್ಯವಾಗಿ 5ರಿಂದ 9 ಮೈಕ್ರಾನ್. ಕೈಮಗ್ಗದ ನೇಕಾರ ಹಾಸುನೂಲಿಗೆ ಗಂಜಿ ಹಾಕುವಂತೆ ಈ ಎಳೆಗಳಿಗೂ ಪಿಷ್ಟದ ಲೇಪ ಹಾಕಲಾಗುತ್ತದೆ. ನೂಲಾಗಿ ಹುರಿಗೊಳಿಸಿ, ಗಾಳಿಯ ಒತ್ತಡದಿಂದ ಹೊಕ್ಕುನೂಲು ಹಾರಿಸುವ ಮಗ್ಗಗಳಲ್ಲಿ ನೇಯಲಾಗುತ್ತದೆ.

ನೇಯ್ದ ಬಳಿಕ ಗಂಜಿ ಉಳಿಯಕೂಡದು. ಬಟ್ಟೆಯನ್ನು ಒಲೆಯಲ್ಲಿಟ್ಟು ಪಿಷ್ಟವನ್ನು ಸುಟ್ಟು ತೆಗೆಯಲಾಗುತ್ತದೆ. ಆನಂತರ ಸಿಲೇನ್ ಎಂಬ ರಾಸಾಯನಿಕದ ತೆಳು ಪೊರೆ ಕೊಡಲಾಗುತ್ತದೆ. ಗಾಜು ಮತ್ತು ರಾಳ ಸ್ವಭಾವತಃ ಒಂದನ್ನೊಂದು ಹಿಡಿಯುವುದಿಲ್ಲ. ಒಂದು ಕೈಯಿಂದ ಗಾಜನ್ನೂ ಇನ್ನೊಂದು ಕೈಯಿಂದ ರಾಳವನ್ನೂ ಹಿಡಿಯುವ ಮಧ್ಯವರ್ತಿ ಈ ಸಿಲೇನ್. ಈ ಪೊರೆ ಸರಿಯಿಲ್ಲದಿದ್ದರೆ ಎಳೆಗಳ ಗುಂಟ ತೇವ ನುಸುಳಿ, ವರ್ಷಗಳ ನಂತರ ಬೋರ್ಡ್‌ನ ಒಳಗೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಗದಗ ಸೀಮೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳೂ ಗಾಜಿನ ನಾರು ಮತ್ತು ರಾಳದಿಂದಲೇ ಆದವು. ಕುಲ ಒಂದೇ, ಗುಣಮಟ್ಟ ಬೇರೆ. ರೆಕ್ಕೆಯ ಬಟ್ಟೆ ಗೋಣಿಯಂತಾದರೆ, ಬೋರ್ಡ್‌ನ ಬಟ್ಟೆ ಮಸ್ಲಿನ್. ಪಿಸಿಬಿ ಉದ್ಯಮದಲ್ಲಿ ‘7628’ ಎಂಬ ಸಂಖ್ಯೆಯಿಂದ ಗುರುತಿಸುವ ದಪ್ಪ ಬಟ್ಟೆ ಸುಮಾರು 0.17 ಮಿ.ಮೀ. ಇದ್ದರೆ, ‘106’ ಎಂಬ ತೆಳು ಬಟ್ಟೆ ಅದರ ಐದನೇ ಒಂದು ಭಾಗದಷ್ಟು ಮಾತ್ರ. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಕಾದ ವಿಶೇಷ ಗಾಜಿನ ಬಟ್ಟೆಯಲ್ಲಿ ಜಪಾನಿನ ನಿಟ್ಟೊಬೊ ಕಂಪನಿಯದ್ದೇ ಮೇಲುಗೈ. 2025ರಲ್ಲಿ ಈ ಬಟ್ಟೆಯ ಅಭಾವದ ಬಿಸಿ ಜಗತ್ತಿನ ದೊಡ್ಡ ಕಂಪನಿಗಳಿಗೂ ತಟ್ಟಿತು.

ಅರೆಪಾಕದ ಗುಟ್ಟು

ಪ್ರಿಪ್ರೆಗ್ ಎಂದರೆ ಮುಂಚಿತವಾಗಿಯೇ ರಾಳ ಹೀರಿಸಿಟ್ಟ ಬಟ್ಟೆ. ಇಡೀ ಉದ್ಯಮದ ಕಸುಬುಗಾರಿಕೆ ಅಡಗಿರುವುದು ಇಲ್ಲಿಯೇ.

ಸಾಮಾನ್ಯವಾಗಿ ಬಳಕೆಯಾಗುವ ರಾಳ ಎಪಾಕ್ಸಿ. ಬಿಸ್ಫಿನಾಲ್-ಎ ಮತ್ತು ಎಪಿಕ್ಲೋರೋಹೈಡ್ರಿನ್‌ಗಳಿಂದ ಇದು ತಯಾರಾಗುತ್ತದೆ. ಬೆಂಕಿ ಹತ್ತಿದರೂ ತಾನಾಗಿಯೇ ಆರಬೇಕೆಂಬ ಕಾರಣಕ್ಕೆ ರಾಳದ ಅಣುವಿನಲ್ಲಿಯೇ ಬ್ರೋಮಿನ್ ಸೇರಿಸಲಾಗುತ್ತದೆ. ‘ಎಫ್‌ಆರ್-4’ ಎಂಬ ಪ್ರಸಿದ್ಧ ದರ್ಜೆಯ ಹೆಸರಿನಲ್ಲಿರುವ ಎಫ್‌ಆರ್ ಅಕ್ಷರಗಳು ಈ ಅಗ್ನಿನಿರೋಧಕ ಗುಣವನ್ನೇ ಸೂಚಿಸುತ್ತವೆ. ರಾಳಕ್ಕೆ ಗಟ್ಟಿಗೊಳಿಸುವ ವಸ್ತು, ವೇಗವರ್ಧಕ, ಕೆಲವೊಮ್ಮೆ ಸಿಲಿಕಾ ಪುಡಿ ಬೆರೆಸಿ, ಅಸಿಟೋನ್, ಮಿಥೈಲ್ ಈಥೈಲ್ ಕೀಟೋನ್, ಡೈಮಿಥೈಲ್ ಫಾರ್ಮಮೈಡ್ ಮುಂತಾದ ದ್ರಾವಕಗಳಲ್ಲಿ ಕರಗಿಸಿದಾಗ ವಾರ್ನಿಷ್ ಸಿದ್ಧವಾಗುತ್ತದೆ.

ಗಾಜಿನ ಬಟ್ಟೆಯ ಸುರುಳಿ ಈ ವಾರ್ನಿಷ್ ತೊಟ್ಟಿಯಲ್ಲಿ ಮುಳುಗಿ, ಎರಡು ರೋಲರ್‌ಗಳ ನಡುವೆ ಹಿಂಡಿಸಿಕೊಂಡು, ಹಲವು ಮಹಡಿ ಎತ್ತರದ ಗೋಪುರದಂಥ ಒಲೆಯೊಳಗೆ ಏರುತ್ತದೆ. ಬಿಸಿಗಾಳಿಗೆ ದ್ರಾವಕ ಆವಿಯಾಗುತ್ತದೆ. ರಾಳ ಅರ್ಧ ಮಾತ್ರ ಬೇಯುತ್ತದೆ. ಪೂರ್ತಿ ಬೆಂದರೆ ಮುಂದೆ ಅಂಟುವುದಿಲ್ಲ. ಕಡಿಮೆ ಬೆಂದರೆ ಒತ್ತುವಾಗ ಹರಿದುಹೋಗುತ್ತದೆ. ಗಾಣದ ಮನೆಯ ಬೆಲ್ಲದ ಪಾಕದ ಹದವನ್ನು ಬಲ್ಲವರಿಗೆ ಈ ಕಷ್ಟ ಸುಲಭವಾಗಿ ಅರ್ಥವಾಗುತ್ತದೆ. ವಿಶೇಷವೆಂದರೆ ಪ್ರಯೋಗಾಲಯದ ಪರೀಕ್ಷೆಯೂ ಹೆಚ್ಚುಕಡಿಮೆ ಹಾಗೆಯೇ ಇದೆ. ಪ್ರಿಪ್ರೆಗ್‌ನಿಂದ ಉದುರಿಸಿದ ರಾಳದ ಪುಡಿಯನ್ನು ಸುಮಾರು 170 ಡಿಗ್ರಿ ಸೆಲ್ಸಿಯಸ್ ಬಿಸಿ ತಟ್ಟೆಯ ಮೇಲೆ ಹಾಕಿ ಕಡ್ಡಿಯಿಂದ ಕಲಕುತ್ತ, ಅದು ಎಳೆ ಬಿಡುವುದು ನಿಲ್ಲಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಎಣಿಸಲಾಗುತ್ತದೆ.

ಈ ಅರೆಬೆಂದ ಹಾಳೆ ಮುಟ್ಟಿದರೆ ಒಣಗಿದಂತಿರುತ್ತದೆ, ಆದರೆ ಒಳಗೆ ರಾಸಾಯನಿಕ ಕ್ರಿಯೆ ನಿಧಾನವಾಗಿ ಮುಂದುವರಿದಿರುತ್ತದೆ. ಆದ್ದರಿಂದಲೇ ಅದಕ್ಕೆ ಆಯುಷ್ಯದ ಮಿತಿಯಿದೆ. 23 ಡಿಗ್ರಿಗಿಂತ ಕಡಿಮೆ ಉಷ್ಣತೆ, ಶೇ 50ಕ್ಕಿಂತ ಕಡಿಮೆ ತೇವಾಂಶದಲ್ಲಿ ಸುಮಾರು 3 ತಿಂಗಳು; 5 ಡಿಗ್ರಿಗಿಂತ ಕೆಳಗಿನ ಶೀತಲಗೃಹದಲ್ಲಿ ಸುಮಾರು 6 ತಿಂಗಳು. ಹಡಗಿನಲ್ಲಿ ವಾರಗಟ್ಟಲೆ ಬರುವ ಆಮದು ಪ್ರಿಪ್ರೆಗ್ ಇಲ್ಲಿನ ಪಿಸಿಬಿ ತಯಾರಕರಿಗೆ ತಲೆನೋವಾಗುವುದು ಇದೇ ಕಾರಣಕ್ಕೆ. ಹಾಲಿನ ಡೇರಿ ಹತ್ತಿರವಿದ್ದರೆ ಅನುಕೂಲವೆಂಬಂತೆ ಪ್ರಿಪ್ರೆಗ್ ಕಾರ್ಖಾನೆಯೂ ಹತ್ತಿರವಿರುವುದು ಲಾಭ.

ತಾಮ್ರದ ಹೊದಿಕೆ, ಒತ್ತಡದ ಪಾಕ

ಮೂರನೆಯ ವಸ್ತು ತಾಮ್ರದ ಹಾಳೆ. ಇದನ್ನು ಬಡಿದು ತೆಳುವಾಗಿಸುವುದಿಲ್ಲ. ತಾಮ್ರವನ್ನು ಗಂಧಕಾಮ್ಲದಲ್ಲಿ ಕರಗಿಸಿ, ತಿರುಗುವ ಟೈಟಾನಿಯಂ ಡ್ರಮ್‌ನ ಮೇಲೆ ವಿದ್ಯುತ್ ಹಾಯಿಸಿ ಪದರವಾಗಿ ಬೆಳೆಸಿ ಸುಲಿದು ತೆಗೆಯಲಾಗುತ್ತದೆ. 35 ಮತ್ತು 18 ಮೈಕ್ರಾನ್ ದಪ್ಪದ ಹಾಳೆಗಳು ಹೆಚ್ಚು ಬಳಕೆಯಲ್ಲಿವೆ. ರಾಳಕ್ಕೆ ಅಂಟುವ ಮಗ್ಗುಲನ್ನು ಬೇಕೆಂದೇ ಒರಟಾಗಿಸಲಾಗುತ್ತದೆ.

ಕೊನೆಯ ಹಂತ ಜೋಡಣೆ ಮತ್ತು ಒತ್ತುವಿಕೆ. ಧೂಳಿಲ್ಲದ ಕೊಠಡಿಯಲ್ಲಿ ಪ್ರಿಪ್ರೆಗ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ-ಕೆಳಗೆ ತಾಮ್ರದ ಹಾಳೆ ಹೊದಿಸಿ, ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಫಲಕಗಳ ನಡುವೆ ಇಡಲಾಗುತ್ತದೆ. ಸಾಮಾನ್ಯ 1.6 ಮಿ.ಮೀ. ಬೋರ್ಡ್‌ಗೆ ದಪ್ಪ ಬಟ್ಟೆಯ ಸುಮಾರು 8 ಪದರ ಬೇಕು. ಗಾಳಿ ಹೊರಗೆಳೆದ ಪ್ರೆಸ್‌ನಲ್ಲಿ 180 ಡಿಗ್ರಿಯ ಆಸುಪಾಸಿನ ಶಾಖ ಮತ್ತು ಭಾರೀ ಒತ್ತಡಕ್ಕೆ ಒಳಪಡಿಸಿದಾಗ ರಾಳ ಒಮ್ಮೆ ಕರಗಿ ಹರಿದು, ಬಟ್ಟೆಯ ಸಂದುಗೊಂದುಗಳನ್ನು ತುಂಬಿ, ಮತ್ತೆಂದೂ ಕರಗದಂತೆ ಗಟ್ಟಿಯಾಗುತ್ತದೆ. ನಿಧಾನವಾಗಿ ತಣಿಸಿ, ಅಂಚು ಕತ್ತರಿಸಿ, ಪರೀಕ್ಷಿಸಿದರೆ ಲ್ಯಾಮಿನೇಟ್ ಸಿದ್ಧ. ಬಹುಪದರ ಬೋರ್ಡ್‌ಗಳಲ್ಲಿ ಇಂಥ ತೆಳು ಲ್ಯಾಮಿನೇಟ್‌ಗಳ ನಡುವೆ ಮತ್ತೆ ಪ್ರಿಪ್ರೆಗ್ ಇಟ್ಟು ಅಂಟಿಸಲಾಗುತ್ತದೆ.

ಧೂಳಿನ ಒಂದು ಕಣ ಸ್ಟೀಲ್ ಫಲಕದ ಮೇಲೆ ಉಳಿದರೂ ತಾಮ್ರದಲ್ಲಿ ಗುಳಿ ಬೀಳುತ್ತದೆ. ಆ ಗುಳಿಯ ಮೇಲೆ ಕೂದಲಿನಂಥ ತಂತಿ ಹಾದುಹೋದರೆ ಬೋರ್ಡ್ ಕಸದ ಬುಟ್ಟಿಗೆ. ಐರೋಪ್ಯ ಒಕ್ಕೂಟ 2006ರ ಜುಲೈನಿಂದ ಸೀಸದ ಬಳಕೆಯನ್ನು ನಿರ್ಬಂಧಿಸಿದ ಮೇಲೆ ಬೆಸುಗೆಯ ಉಷ್ಣತೆ 260 ಡಿಗ್ರಿಯವರೆಗೂ ಏರಿತು. ತೇವ ಹೀರಿದ ಲ್ಯಾಮಿನೇಟ್ ಆ ಶಾಖಕ್ಕೆ ಬಾಣಲೆಯ ಪೂರಿಯಂತೆ ಉಬ್ಬುತ್ತದೆ. ಹೀಗಾಗಿ ಬೋರ್ಡ್ ತಯಾರಕರು ಹೊಸ ಲ್ಯಾಮಿನೇಟ್ ಕಂಪನಿಯನ್ನು ನಂಬಲು ಹಿಂಜರಿಯುತ್ತಾರೆ. ಪರೀಕ್ಷೆ, ಪ್ರಮಾಣಪತ್ರ, ಗ್ರಾಹಕರ ಒಪ್ಪಿಗೆಗಳಿಗೆ ದೀರ್ಘ ಸಮಯ ಹಿಡಿಯುತ್ತದೆ. ಯಂತ್ರವನ್ನು ಹಣ ಕೊಟ್ಟು ತರಬಹುದು. ಪಾಕದ ಹದವನ್ನೂ ಮಾರುಕಟ್ಟೆಯ ವಿಶ್ವಾಸವನ್ನೂ ತರಲಾಗದು.

ನಾಲ್ಕು ತಾಲ್ಲೂಕುಗಳ ಸ್ಥಿತಿ

ಉತ್ತರ ಕರ್ನಾಟಕದ ಮಟ್ಟಿಗೆ ಈ ಚರ್ಚೆ ಕೇವಲ ಕಲ್ಪನೆಯದ್ದಲ್ಲ. ಧಾರವಾಡದ ಕೋಟೂರು-ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಸುಮಾರು 180 ಕೋಟಿ ರೂಪಾಯಿ ವೆಚ್ಚದ ಎಲೆಕ್ಟ್ರಾನಿಕ್ಸ್ ಉತ್ಪಾದನಾ ಕ್ಲಸ್ಟರ್‌ಗೆ ಕೇಂದ್ರ ಸರ್ಕಾರ 2023ರಲ್ಲಿ ಅನುಮೋದನೆ ನೀಡಿದೆ. ಶಿಗ್ಗಾವಿ ತಾಲ್ಲೂಕು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. ಸವಣೂರು ತಾಲ್ಲೂಕಿನ ಯಲವಿಗಿ ಹುಬ್ಬಳ್ಳಿ-ಹಾವೇರಿ ರೈಲು ಮಾರ್ಗದ ನಿಲ್ದಾಣ. ಬೆಂಗಳೂರು, ಮೈಸೂರು, ಗೋವಾ, ಪುಣೆ ಎಲ್ಲಕ್ಕೂ ರಸ್ತೆಯಿದೆ. 1999ರಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ ವಹಿಸಿಕೊಂಡ ನಂಜನಗೂಡಿನ ಪಿಸಿಬಿ ಕಾರ್ಖಾನೆಯಂಥ ಗ್ರಾಹಕರು ರಾಜ್ಯದಲ್ಲಿಯೇ ಇದ್ದಾರೆ. ಹಾವೇರಿ ಸಮೀಪದ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಧಾರವಾಡದ ಐಐಟಿ ಕೈಗೆಟಕುವ ದೂರದಲ್ಲಿವೆ. ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಬೆಲೆಗಳ ಏರಿಳಿತದಲ್ಲಿ ಬೇಸತ್ತ ರೈತ ಕುಟುಂಬಗಳ ಮಕ್ಕಳು ಡಿಪ್ಲೊಮಾ ಹಿಡಿದು ಬೆಂಗಳೂರಿನ ಬಸ್ ಹತ್ತುತ್ತಿರುವುದೂ ಎಲ್ಲರಿಗೂ ತಿಳಿದ ವಿಷಯ.

ಅನುಕೂಲಗಳ ಜತೆ ಅಡಚಣೆಗಳನ್ನೂ ಹೇಳಬೇಕು. ಪ್ರಿಪ್ರೆಗ್ ಯಂತ್ರ ಚಲಿಸುತ್ತಿರುವಾಗ ವಿದ್ಯುತ್ ಕೈಕೊಟ್ಟರೆ ಒಲೆಯೊಳಗಿನ ಬಟ್ಟೆಯೆಲ್ಲ ಅತಿಯಾಗಿ ಬೆಂದು ಹಾಳಾಗುತ್ತದೆ. ಪ್ರೆಸ್ ನಡುವೆ ನಿಂತರೆ ಆ ಸರದಿಯ ಹಾಳೆಗಳೆಲ್ಲ ನಷ್ಟ. ಅರೆಮಲೆನಾಡಿನ ಅಂಚಿನಲ್ಲಿರುವ ಹಾನಗಲ್‌ನ ಮಳೆಗಾಲದ ತೇವವನ್ನು ವರ್ಷದ ಹಲವು ತಿಂಗಳು ಯಂತ್ರಗಳ ಮೂಲಕ ಹೀರಿ ತೆಗೆಯಬೇಕಾಗುತ್ತದೆ. ಬಯಲುಸೀಮೆಗೆ ಹೊಂದಿಕೊಂಡ ಸವಣೂರಿನಲ್ಲಿ ಆ ಖರ್ಚು ಕಡಿಮೆಯಾದೀತು, ಧೂಳಿನ ಕಾಟ ಹೆಚ್ಚೀತು.

ಉದ್ಯೋಗದ ಲೆಕ್ಕವೂ ಭಾಷಣಗಳಷ್ಟು ಸಿಹಿಯಾಗಿಲ್ಲ. ಕೇಂದ್ರದ ಮೂಲ ಅಂದಾಜಿನ ಹೂಡಿಕೆಯನ್ನು ನೇರ ಉದ್ಯೋಗಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಉದ್ಯೋಗಕ್ಕೆ ಸುಮಾರು 65 ಲಕ್ಷ ರೂಪಾಯಿ ಬಂಡವಾಳ ಬೇಕಾಗುತ್ತದೆ. ಇದು ಇಡೀ ಯೋಜನೆಯ ಸರಾಸರಿ. ಗೋಪುರದಂಥ ಒಲೆ, ಸ್ವಯಂಚಾಲಿತ ಪ್ರೆಸ್‌ಗಳ ಲ್ಯಾಮಿನೇಟ್ ಘಟಕದಲ್ಲಿ ಕೈಗಳಿಗಿಂತ ಯಂತ್ರಗಳೇ ಹೆಚ್ಚು. ಸಿದ್ಧ ಉಡುಪು ಕಾರ್ಖಾನೆಯಂತೆ ಸಾವಿರಾರು ಮಂದಿಗೆ ಅದು ಕೆಲಸ ಕೊಡಲಾರದು. ಕೊಡುವ ಕೆಲಸ ಮಾತ್ರ ತರಬೇತಿ ಪಡೆದವರ ಸ್ಥಿರವಾದ ಕೆಲಸ.

ಕುಸನೂರಿನ ನೆನಪು

ಕಾರ್ಖಾನೆಯ ಮೂಲವಸ್ತು ಮತ್ತು ಹಳ್ಳಿಯ ಬದುಕು ಮುಖಾಮುಖಿಯಾದ ಘಟನೆ ಈ ಭಾಗಕ್ಕೆ ಹೊಸದಲ್ಲ. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ರೇಯಾನ್ ತಿರುಳು ತಯಾರಿಸಲು ನೀಲಗಿರಿ ಮರ ಬೇಕಿತ್ತು. 1984ರ ನವೆಂಬರ್‌ನಲ್ಲಿ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಸ್ಥಾಪಿಸಿದವು. ಸರ್ಕಾರದ ಪಾಲು ಶೇ 51, ಕಂಪನಿಯದು ಶೇ 49. ನೀಲಗಿರಿ ಬೆಳೆಯಲು ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಗುರುತಿಸಲಾಯಿತು. ಕಡತದಲ್ಲಿ ಅದು ಪಾಳು ಭೂಮಿ. ಹಳ್ಳಿಯವರಿಗೆ ಅದು ದನ ಮೇಯುವ, ಉರುವಲು ಆಯುವ ನೆಲ.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 2,000 ಮಂದಿ ಸೇರಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ನಡೆದ ಆ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದಲ್ಲಿ ನೀಲಗಿರಿಯ ಸುಮಾರು 100 ಸಸಿಗಳನ್ನು ಕಿತ್ತು, ಜನೋಪಯೋಗಿ ಗಿಡಗಳನ್ನು ನೆಡಲಾಯಿತು. ಇದೇ ಭೂಮಿಯ ವಿಷಯವಾಗಿ ಡಾ. ಶಿವರಾಮ ಕಾರಂತರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. ಜಂಟಿ ಸಂಸ್ಥೆಯನ್ನು 1991ರಲ್ಲಿ ಮುಚ್ಚಲಾಯಿತು. ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಮಲಿನಗೊಳ್ಳುತ್ತಿದೆ ಎಂಬ ದೂರಿನ ಹೋರಾಟವೂ 1980ರ ದಶಕದಲ್ಲಿ ನಡೆದಿತ್ತು. ಆಗ ಇದೆಲ್ಲ ಧಾರವಾಡ ಜಿಲ್ಲೆ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಈ ಇತಿಹಾಸದ ಪಾಠ ಕಾರ್ಖಾನೆ ಬೇಡವೆಂಬುದಲ್ಲ. ಕುಮಾರಪಟ್ಟಣದ ಕಾರ್ಖಾನೆಯಿಂದ ಬದುಕು ಕಟ್ಟಿಕೊಂಡ ಕುಟುಂಬಗಳೂ ಇವೆ. ಮೂಲವಸ್ತು ಎಲ್ಲಿಂದ, ತ್ಯಾಜ್ಯ ಎಲ್ಲಿಗೆ ಎಂಬ ಎರಡು ಪ್ರಶ್ನೆಗಳನ್ನು ಒಪ್ಪಂದಕ್ಕೆ ಸಹಿ ಬೀಳುವ ಮುನ್ನವೇ ಕೇಳಬೇಕಿತ್ತು, ಕೇಳಲಿಲ್ಲ ಎಂಬುದು ಪಾಠ.

ಕೇಳಬೇಕಾದ ಪ್ರಶ್ನೆಗಳು

‘ಎಲೆಕ್ಟ್ರಾನಿಕ್ಸ್ ಕಾರ್ಖಾನೆ’ ಎಂಬ ಒಂದೇ ಹೆಸರಿನಡಿ ಬರುವ ಘಟಕಗಳ ಸ್ವಭಾವ ಬೇರೆ ಬೇರೆ. ಈ ವ್ಯತ್ಯಾಸ ತಿಳಿಯದೆ ಸ್ವಾಗತಿಸುವುದೂ ತಪ್ಪು, ವಿರೋಧಿಸುವುದೂ ತಪ್ಪು. ತಾಮ್ರದ ಹಾಳೆಯ ಘಟಕಕ್ಕೆ ಅಪಾರ ವಿದ್ಯುತ್ ಬೇಕು, ಅದರ ತ್ಯಾಜ್ಯ ಆಮ್ಲಯುಕ್ತ ನೀರು. ತಾಮ್ರ ಕರಗಿಸಿ ಗೆರೆ ಮೂಡಿಸುವ ಪಿಸಿಬಿ ಘಟಕದ ತ್ಯಾಜ್ಯವೂ ಲೋಹ ಮಿಶ್ರಿತ ನೀರೇ. ಪ್ರಿಪ್ರೆಗ್ ಮತ್ತು ಲ್ಯಾಮಿನೇಟ್ ಘಟಕದಲ್ಲಿ ನೀರಿನ ಸಮಸ್ಯೆ ಕಡಿಮೆ. ಅಲ್ಲಿನ ಅಪಾಯ ಗಾಳಿಯಲ್ಲಿದೆ.

ಬಟ್ಟೆ ಒಣಗುವಾಗ ಹೊರಬರುವ ದ್ರಾವಕದ ಆವಿಯನ್ನು ಹಾಗೆಯೇ ಬಿಡುವಂತಿಲ್ಲ. ಅತ್ಯುಷ್ಣ ಕುಲುಮೆಯಲ್ಲಿ ಅದನ್ನು ಸುಟ್ಟು, ಆ ಶಾಖವನ್ನು ಮತ್ತೆ ಒಲೆಗೆ ಬಳಸುವ ತಂತ್ರಜ್ಞಾನ ಬಹಳ ಹಿಂದಿನಿಂದಲೂ ಇದೆ. ಆ ಯಂತ್ರ ಇದೆಯೇ ಎಂಬುದಷ್ಟೇ ಅಲ್ಲ, ರಾತ್ರಿಯೂ ನಡೆಯುತ್ತದೆಯೇ ಎಂಬುದು ಮುಖ್ಯ. ಡೈಮಿಥೈಲ್ ಫಾರ್ಮಮೈಡ್ ಸಂತಾನಶಕ್ತಿಗೆ ಹಾನಿಕರವೆಂದು ಗುರುತಿಸಲಾದ ದ್ರಾವಕ; ಐರೋಪ್ಯ ಒಕ್ಕೂಟ 2021ರಲ್ಲಿ ಅದರ ಬಳಕೆಗೆ ಕಟ್ಟುನಿಟ್ಟಿನ ಮಿತಿ ವಿಧಿಸಿದೆ. ಅದಿಲ್ಲದ ವಾರ್ನಿಷ್ ಸೂತ್ರಗಳೂ, ಬ್ರೋಮಿನ್ ಬದಲು ರಂಜಕ ಬಳಸುವ ರಾಳಗಳೂ ಮಾರುಕಟ್ಟೆಯಲ್ಲಿವೆ. ಯಾವುದನ್ನು ಬಳಸಲಾಗುತ್ತದೆ ಎಂಬುದನ್ನು ಸಾರ್ವಜನಿಕ ಅಹವಾಲು ಸಭೆಯಲ್ಲಿ ಕೇಳುವ ಹಕ್ಕು ಗ್ರಾಮಸ್ಥರಿಗೆ ಇರಬೇಕು. ಕತ್ತರಿಸಿ ಉಳಿದ ಅಂಚುಗಳು ಮತ್ತೆ ಕರಗುವುದಿಲ್ಲ. ಬಯಲಲ್ಲಿ ಸುಟ್ಟರೆ ವಿಷಾನಿಲ. ಅವು ಎಲ್ಲಿಗೆ ಹೋಗುತ್ತವೆ ಎಂಬುದು ಬರಹದಲ್ಲಿರಬೇಕು.

ಇನ್ನೂ ಒಂದು ಮುಖ್ಯ ಅಂಶವಿದೆ. ಕಾರ್ಖಾನೆ ಬರುವ ಮುನ್ನವೇ ಆ ಜಾಗದ ಗಾಳಿ, ಬಾವಿ ನೀರು, ಮಣ್ಣಿನ ಗುಣಮಟ್ಟವನ್ನು ಅಳೆದು ದಾಖಲಿಸಬೇಕು. ಮೊದಲಿನ ಅಳತೆ ಇಲ್ಲದಿದ್ದರೆ ಮುಂದೆ ಹಾನಿಯಾದಾಗ ‘ಮೊದಲೇ ಹೀಗಿತ್ತು’ ಎಂಬ ವಾದಕ್ಕೆ ಉತ್ತರವಿರುವುದಿಲ್ಲ. ವರದಾ ನದಿ, ಧರ್ಮಾ ಕಾಲುವೆ, ಹಿರೇಕೆರೂರು ಭಾಗದ ಕೆರೆಗಳನ್ನೇ ನಂಬಿದ ಸೀಮೆಗೆ ಇದು ಸಣ್ಣ ವಿಷಯವಲ್ಲ. ಗೋಮಾಳಗಳನ್ನು ಮುಟ್ಟದೆ ಈಗಾಗಲೇ ಅಭಿವೃದ್ಧಿಯಾದ ಕೈಗಾರಿಕಾ ಪ್ರದೇಶದಲ್ಲಿಯೇ ಜಾಗ ನೀಡುವುದು ಎರಡನೆಯ ಷರತ್ತು. ಸ್ಥಳೀಯ ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳಿಗೆ ಘಟಕ ಆರಂಭವಾಗುವ ಮೊದಲೇ ತರಬೇತಿ ನೀಡುವುದು ಮೂರನೆಯದು. ಕಾವಲುಗಾರ, ತೋಟಗಾರ ಹುದ್ದೆಗಳಷ್ಟೇ ಊರಿನವರಿಗೆ ಉಳಿದರೆ ಅದು ಉದ್ಯೋಗ ಸೃಷ್ಟಿ ಎನಿಸದು.

ದೊಡ್ಡ ಘಟಕಕ್ಕಾಗಿಯೇ ಕಾಯಬೇಕಾಗಿಯೂ ಇಲ್ಲ. ಪಿಸಿಬಿಯಲ್ಲಿ ರಂಧ್ರ ಕೊರೆಯುವಾಗ ಅಡಿಗೆ ಇಡುವ ಆಧಾರ ಹಲಗೆ, ಮೇಲೆ ಇಡುವ ತೆಳು ಅಲ್ಯೂಮಿನಿಯಂ ಹಾಳೆ, ತೇವ ತಡೆಯುವ ಪ್ಯಾಕಿಂಗ್, ಎಲೆಕ್ಟ್ರಿಷಿಯನ್‌ಗಳು ‘ಹೈಲಾಮ್ ಶೀಟ್’ ಎಂದು ಕರೆಯುವ ವಿದ್ಯುತ್ ನಿರೋಧಕ ಹಲಗೆಗಳ ಕತ್ತರಿಸುವಿಕೆ ಇವೆಲ್ಲ ಕಡಿಮೆ ಬಂಡವಾಳದ ಕೆಲಸಗಳು. ಧಾರವಾಡದ ಕ್ಲಸ್ಟರ್‌ಗೆ ಇಂಥ ಪೂರಕ ವಸ್ತು ಒದಗಿಸುವ ಸಣ್ಣ ಉದ್ಯಮಿಗಳನ್ನು ಶಿಗ್ಗಾವಿ, ಸವಣೂರುಗಳಲ್ಲಿ ಬೆಳೆಸಿದರೆ, ಮುಂದೆ ದೊಡ್ಡ ಘಟಕ ಬಂದಾಗ ಅದರ ಭಾಷೆ ಬಲ್ಲ ಕೈಗಳು ಇಲ್ಲಿಯೇ ಇರುತ್ತವೆ.

ರಾಜ್ಯಗಳ ನಡುವಿನ ಪೈಪೋಟಿಯಲ್ಲಿ ಕರ್ನಾಟಕ ಹಿಂದುಳಿಯಬಾರದೆಂಬ ಆತುರ ಸಹಜ. ಆತುರದಲ್ಲಿ ಷರತ್ತುಗಳನ್ನು ಮರೆತರೆ ಅದರ ಬೆಲೆ ತೆರುವವರು ವಿಧಾನಸೌಧದಲ್ಲಿ ಇರುವುದಿಲ್ಲ, ಕಾರ್ಖಾನೆಯ ಗಾಳಿ ಬೀಸುವ ದಿಕ್ಕಿನ ಹಳ್ಳಿಗಳಲ್ಲಿರುತ್ತಾರೆ. ಪ್ರಿಪ್ರೆಗ್ ತಯಾರಿಕೆಯಲ್ಲಿ ರಾಳ ಅರೆಬೆಂದಿರುವಾಗಲಷ್ಟೇ ಅದಕ್ಕೆ ಬೇಕಾದ ಆಕಾರ ಕೊಡಬಹುದು. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಕೈಗಾರಿಕಾ ನೀತಿಯೂ ಹಾಗೆಯೇ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಜನಪ್ರತಿನಿಧಿಗಳು ಕಾರ್ಖಾನೆಯ ಬೇಡಿಕೆಯ ಜತೆಯಲ್ಲಿಯೇ ಈ ಷರತ್ತುಗಳ ಪಟ್ಟಿಯನ್ನೂ ಸರ್ಕಾರದ ಮುಂದಿಡಬೇಕು. ಸಹಿ ಬಿದ್ದ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಪಡೆಯಲು ಎಷ್ಟು ವರ್ಷ ಬೇಕಾಗುತ್ತದೆ ಎಂಬುದನ್ನು ಕುಸನೂರು ಒಮ್ಮೆ ಅನುಭವಿಸಿದೆ.